ಪುನರ್ಬಲನ ತತ್ತ್ವ ಮತ್ತು ಜನಪದ ಆಚರಣೆ: ವರ್ತನಾವಾದದ ಬಲ ಮತ್ತು ಮಿತಿ

1. ಪ್ರವೇಶ

ಜಾನಪದ ಅಧ್ಯಯನವು ತನ್ನ ಬೆಳವಣಿಗೆಯ ಬೇರೆ ಬೇರೆ ಹಂತಗಳಲ್ಲಿ ಇತರ ಜ್ಞಾನಶಾಖೆಗಳಿಂದ ಅನೇಕ ತಾತ್ತ್ವಿಕ ನೆಲೆಗಳನ್ನು ಪಡೆದುಕೊಂಡಿದೆ. ಫಿನ್‌ಲೆಂಡಿನ ವಿದ್ವಾಂಸರು ರೂಪಿಸಿದ ಚಾರಿತ್ರಿಕ-ಭೌಗೋಳಿಕ ವಿಧಾನ, ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಂಡಿಸಿದ ರಾಚನಿಕ ವಿಶ್ಲೇಷಣೆ, ವಿಲಿಯಂ ಬ್ಯಾಸ್ಕಮ್ 1954ರಲ್ಲಿ ನಿರೂಪಿಸಿದ ಜಾನಪದದ ನಾಲ್ಕು ಕಾರ್ಯಗಳು, ಅಲನ್ ಡಂಡೆಸ್ ಅವರ ಮನೋವಿಶ್ಲೇಷಣಾತ್ಮಕ ಓದು ಇವೆಲ್ಲ ನಮ್ಮ ಅಭ್ಯಾಸಿಗಳಿಗೆ ಪರಿಚಿತವಾದವುಗಳೇ. ಮನೋವಿಜ್ಞಾನ ಎಂದೊಡನೆ ಜಾನಪದ ವಿದ್ವಾಂಸರ ನೆನಪಿಗೆ ಬರುವವರು ಫ್ರಾಯ್ಡ್ ಮತ್ತು ಯೂಂಗ್. ಆದರೆ 20ನೆಯ ಶತಮಾನದಲ್ಲಿ ಹಲವು ದಶಕಗಳ ಕಾಲ ಅಮೆರಿಕದ ಮನೋವಿಜ್ಞಾನದ ಮೇಲೆ ಪ್ರಭುತ್ವ ಸಾಧಿಸಿದ್ದ ವರ್ತನಾವಾದವು ನಮ್ಮ ಚರ್ಚೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿಲ್ಲ.

ಹಾಗೆಂದ ಮಾತ್ರಕ್ಕೆ ವರ್ತನಾವಾದವು ನಮ್ಮ ಬರಹಗಳಲ್ಲಿ ಇಲ್ಲವೆಂದು ತಿಳಿಯಬೇಕಾಗಿಲ್ಲ. ಅದು ಹೆಸರಿಲ್ಲದೆ ಬಂದು ಸೇರಿಕೊಂಡಿದೆ. ‘ಒಮ್ಮೆ ಪೂಜೆ ಮಾಡಿದಾಗ ಕಾಕತಾಳೀಯವಾಗಿ ಮಳೆ ಬಂದಿರಬೇಕು, ಅಂದಿನಿಂದ ಜನ ಅದನ್ನು ನಂಬಿಕೊಂಡು ಬಂದಿದ್ದಾರೆ’ ಎಂಬ ಧಾಟಿಯ ವಿವರಣೆಯನ್ನು ಕ್ಷೇತ್ರಕಾರ್ಯದ ವರದಿಗಳಲ್ಲಿ ಯಾರು ಕಂಡಿಲ್ಲ? ಈ ವಾಕ್ಯದ ಹಿಂದೆ ಒಂದು ಪೂರ್ಣಪ್ರಮಾಣದ ಸಿದ್ಧಾಂತವಿದೆ. ಕ್ರಿಯೆಯೊಂದರ ಬೆನ್ನಿಗೆ ಬಯಸಿದ ಫಲ ದೊರೆತರೆ ಆ ಕ್ರಿಯೆ ಮರುಕಳಿಸುತ್ತದೆ ಎಂಬುದೇ ಆ ಸಿದ್ಧಾಂತ. ಅದರ ಶಾಸ್ತ್ರೀಯ ಹೆಸರು ಪುನರ್ಬಲನ. ಹೆಸರಿಸದೆ ಬಳಸುವ ಸಿದ್ಧಾಂತವನ್ನು ಪರೀಕ್ಷಿಸುವ ಅವಕಾಶವೇ ಇರುವುದಿಲ್ಲ. ಆದುದರಿಂದ ಪುನರ್ಬಲನ ತತ್ತ್ವವು ನಿಜವಾಗಿ ಏನನ್ನು ಹೇಳುತ್ತದೆ, ಅದರ ಆಧಾರಗಳೇನು, ಜನಪದ ಆಚರಣೆಗಳಿಗೆ ಅದನ್ನು ಅನ್ವಯಿಸುವಾಗ ನಾವು ಎಲ್ಲಿ ಎಡವುತ್ತೇವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ.

2. ವರ್ತನಾವಾದದ ಮೂಲ ಪರಿಕಲ್ಪನೆಗಳು

ಮನಸ್ಸಿನ ಒಳಗಣ ವ್ಯಾಪಾರಗಳನ್ನು ಆತ್ಮಾವಲೋಕನದಿಂದ ಅರಿಯುವ ಕ್ರಮವನ್ನು ನಿರಾಕರಿಸಿ, ಕಣ್ಣಿಗೆ ಕಾಣುವ ವರ್ತನೆಯೇ ಮನೋವಿಜ್ಞಾನದ ವಸ್ತುವಾಗಬೇಕೆಂದು ಜಾನ್ ಬಿ. ವಾಟ್ಸನ್ 1913ರಲ್ಲಿ ಪ್ರತಿಪಾದಿಸಿದರು. ವರ್ತನಾವಾದವೆಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಅದಕ್ಕೆ ಮೊದಲೇ ಇಬ್ಬರು ಸಂಶೋಧಕರು ಈ ದಾರಿಯನ್ನು ಸಿದ್ಧಪಡಿಸಿದ್ದರು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಷ್ಯಾದ ಇವಾನ್ ಪಾವ್ಲೋವ್ ಅವರು, ಆಹಾರದೊಂದಿಗೆ ಮತ್ತೆ ಮತ್ತೆ ಜೊತೆಗೂಡಿ ಬಂದ ಸೂಚನೆಗೂ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದನ್ನು ತೋರಿಸಿದರು. ಇದು ಅಭಿಜಾತ ಅನುಬಂಧನ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ತಮ್ಮ 1898ರ ಪ್ರಬಂಧದಲ್ಲಿ, ಪೆಟ್ಟಿಗೆಯೊಳಗೆ ಕೂಡಿಹಾಕಿದ ಹಸಿದ ಬೆಕ್ಕುಗಳು ಅಗುಳಿ ತೆರೆದು ಹೊರಬರುವುದನ್ನು ಹೇಗೆ ಕಲಿಯುತ್ತವೆ ಎಂಬುದನ್ನು ಅಳತೆ ಮಾಡಿ ದಾಖಲಿಸಿದರು. ಬೆಕ್ಕು ಯೋಚಿಸಿ ಉಪಾಯ ಕಂಡುಕೊಳ್ಳುವುದಿಲ್ಲ. ನೂರು ಬಗೆಯಲ್ಲಿ ಪರಚಾಡಿ, ಫಲ ಕೊಟ್ಟ ಚಲನೆಯನ್ನಷ್ಟೇ ಮೆಲ್ಲಮೆಲ್ಲನೆ ಉಳಿಸಿಕೊಳ್ಳುತ್ತದೆ. ತೃಪ್ತಿ ನೀಡಿದ ಪ್ರತಿಕ್ರಿಯೆ ಗಟ್ಟಿಯಾಗುತ್ತದೆ, ಅತೃಪ್ತಿ ನೀಡಿದ್ದು ದುರ್ಬಲವಾಗುತ್ತದೆ ಎಂಬ ಅವರ ಸೂತ್ರವೇ ಪರಿಣಾಮ ನಿಯಮ.

ಈ ನಿಯಮವನ್ನು ಒಂದು ವಿಜ್ಞಾನವಾಗಿ ಬೆಳೆಸಿದವರು ಬಿ. ಎಫ್. ಸ್ಕಿನ್ನರ್ (1904-1990). ಜೀವಿಯು ತಾನಾಗಿ ಪರಿಸರದ ಮೇಲೆ ನಡೆಸುವ ಕ್ರಿಯೆಯನ್ನು, ಅದರ ಬೆನ್ನಿಗೆ ಬರುವ ಪರಿಣಾಮವು ರೂಪಿಸುತ್ತದೆ ಎಂಬುದು ಅವರ ಪ್ರತಿಪಾದನೆಯ ತಿರುಳು. ಇದನ್ನು ಕ್ರಿಯಾಜನ್ಯ ಅನುಬಂಧನವೆಂದು ಕರೆಯಬಹುದು. ಕ್ರಿಯೆಯು ಮತ್ತೆ ಸಂಭವಿಸುವ ಸಾಧ್ಯತೆಯನ್ನು ಹೆಚ್ಚಿಸುವ ಪರಿಣಾಮವೇ ಪುನರ್ಬಲಕ. ಬೇಕಾದುದು ದೊರೆತು ವರ್ತನೆ ಬಲಗೊಂಡರೆ ಅದು ಧನಾತ್ಮಕ ಪುನರ್ಬಲನ; ಬೇಡವಾದುದು ತೊಲಗಿ ವರ್ತನೆ ಬಲಗೊಂಡರೆ ಅದು ಋಣಾತ್ಮಕ ಪುನರ್ಬಲನ. ಎರಡನೆಯದನ್ನು ಶಿಕ್ಷೆಯೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಶಿಕ್ಷೆಯು ವರ್ತನೆಯನ್ನು ಕುಗ್ಗಿಸುತ್ತದೆ. ಋಣಾತ್ಮಕ ಪುನರ್ಬಲನವು ವರ್ತನೆಯನ್ನು ಹೆಚ್ಚಿಸುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಸ್ಕಿನ್ನರ್ ಅವರ ವ್ಯಾಖ್ಯೆಯ ಪ್ರಕಾರ ಯಾವ ವಸ್ತುವೂ ಸ್ವಭಾವತಃ ಪುನರ್ಬಲಕವಲ್ಲ. ಅದು ವರ್ತನೆಯನ್ನು ಬಲಪಡಿಸಿತೇ ಇಲ್ಲವೇ ಎಂಬುದನ್ನು ನೋಡಿಯೇ ಹೇಳಬೇಕು. ಮಾಡುವವನು ಯಾವ ಉದ್ದೇಶವನ್ನು ಬಾಯಲ್ಲಿ ಹೇಳುತ್ತಾನೆ ಎಂಬುದರಿಂದಲೂ, ನೋಡುವವನು ಏನೆಂದು ಊಹಿಸುತ್ತಾನೆ ಎಂಬುದರಿಂದಲೂ ಅದು ನಿರ್ಧಾರವಾಗುವುದಿಲ್ಲ. ಮುಂದಿನ ಚರ್ಚೆಗೆಲ್ಲ ಈ ಮಾತು ತಳಹದಿಯಾಗಿದೆ.

ಪ್ರತಿ ಸಲವೂ ಫಲ ದೊರೆಯುವ ಕ್ರಿಯೆಗಿಂತ ಎಂದೋ ಒಮ್ಮೆ ಫಲ ದೊರೆಯುವ ಕ್ರಿಯೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ವರ್ತನಾವಾದಿಗಳ ಮತ್ತೊಂದು ಮಹತ್ವದ ಶೋಧ. ಚಾರ್ಲ್ಸ್ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥವು ಪುನರ್ಬಲನದ ಅನುಸೂಚಿಗಳನ್ನು, ಅಂದರೆ ಫಲ ದೊರೆಯುವ ಕ್ರಮಗಳನ್ನು ವಿಂಗಡಿಸುತ್ತದೆ. ನಿಗದಿತ ಎಣಿಕೆಗೆ, ಬದಲಾಗುವ ಎಣಿಕೆಗೆ, ನಿಗದಿತ ಅವಧಿಗೆ, ಬದಲಾಗುವ ಅವಧಿಗೆ ಫಲ ಕೊಡುವ ನಾಲ್ಕು ಮುಖ್ಯ ಕ್ರಮಗಳಲ್ಲಿ ವರ್ತನೆಯ ವೇಗವೂ ಬಾಳಿಕೆಯೂ ಬೇರೆ ಬೇರೆ. ಜೂಜುಕೋರನು ಸೋತಷ್ಟೂ ಆಡುವುದಕ್ಕೆ ಸ್ಕಿನ್ನರ್ ಕೊಟ್ಟ ಕಾರಣವೂ ಇದೇ. ಮುಂದಿನ ಆಟ ಗೆಲುವಿನದಾಗಿರಬಹುದು ಎಂಬ ಅನಿಶ್ಚಿತತೆಯೇ ಅವನನ್ನು ಹಿಡಿದಿಡುತ್ತದೆ.

3. ಪಾರಿವಾಳದ ‘ಮೂಢನಂಬಿಕೆ’

ಜಾನಪದ ವಿದ್ವಾಂಸರು ಅಗತ್ಯವಾಗಿ ತಿಳಿದಿರಬೇಕಾದ ಪ್ರಯೋಗವೊಂದನ್ನು ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದರು. ಹಸಿವಿನ ಸ್ಥಿತಿಯಲ್ಲಿರಿಸಿದ 8 ಪಾರಿವಾಳಗಳನ್ನು ಒಂದೊಂದಾಗಿ ಪಂಜರದಲ್ಲಿಟ್ಟು, ನಿಗದಿತ ಅವಧಿಗೊಮ್ಮೆ ಆಹಾರ ಒದಗುವಂತೆ ಯಂತ್ರವನ್ನು ಅಳವಡಿಸಲಾಗಿತ್ತು. ಪಾರಿವಾಳ ಏನು ಮಾಡಿದರೂ, ಏನನ್ನೂ ಮಾಡದಿದ್ದರೂ ಆಹಾರ ಬಂದೇ ಬರುತ್ತಿತ್ತು. ಆದರೂ 8ರಲ್ಲಿ 6 ಪಾರಿವಾಳಗಳು ಸ್ಪಷ್ಟವಾದ ‘ಆಚರಣೆ’ಗಳನ್ನು ಬೆಳೆಸಿಕೊಂಡವು. ಒಂದು ಪಂಜರದೊಳಗೆ ಅಪ್ರದಕ್ಷಿಣವಾಗಿ ಸುತ್ತತೊಡಗಿತು. ಇನ್ನೊಂದು ಪಂಜರದ ಮೇಲ್ಮೂಲೆಗೆ ತಲೆಯನ್ನು ಚಾಚತೊಡಗಿತು. ಎರಡು ಪಾರಿವಾಳಗಳು ಲೋಲಕದಂತೆ ತಲೆ ಮತ್ತು ಮೈಯನ್ನು ತೂಗಿದವು. ಆಹಾರ ಬಂದ ಗಳಿಗೆಯಲ್ಲಿ ಆಕಸ್ಮಿಕವಾಗಿ ಮಾಡುತ್ತಿದ್ದ ಚಲನೆಯೇ ಬಲಗೊಂಡು ನಿಂತಿತು ಎಂಬುದು ಸ್ಕಿನ್ನರ್ ನೀಡಿದ ವಿವರಣೆ. ಅಕ್ಕಪಕ್ಕ ಹಾರುತ್ತಿದ್ದ ಪಾರಿವಾಳವೊಂದಕ್ಕೆ ಆಹಾರ ನಿಲ್ಲಿಸಿದ ಮೇಲೂ ಆ ಚಲನೆ ಅಳಿಯುವ ಮುನ್ನ 10,000ಕ್ಕೂ ಹೆಚ್ಚು ಸಲ ದಾಖಲಾಯಿತು.

ನಮ್ಮ ಪರಂಪರೆಯಲ್ಲಿ ಕಾಕತಾಳೀಯ ನ್ಯಾಯವೆಂಬ ಮಾತಿದೆ. ಕಾಗೆ ಬಂದು ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧವಿಲ್ಲದಿದ್ದರೂ ನೋಡುವವನಿಗೆ ಸಂಬಂಧ ಕಾಣಿಸುತ್ತದೆ. ನ್ಯಾಯದ ದೃಷ್ಟಾಂತದಲ್ಲಿ ಭ್ರಮೆ ನೋಡುಗನದು. ಸ್ಕಿನ್ನರ್ ಪ್ರಯೋಗದಲ್ಲಿ ಅದು ಕಾಗೆಯದೇ. ತಾನು ಕೂತದ್ದರಿಂದಲೇ ಹಣ್ಣು ಬಿತ್ತೆಂದು ಕಾಗೆ ಮತ್ತೆ ಮತ್ತೆ ಬಂದು ಕೂತಂತೆ. ಸ್ಕಿನ್ನರ್ ತಮ್ಮ ಲೇಖನದ ಶೀರ್ಷಿಕೆಯಲ್ಲಿ ಮೂಢನಂಬಿಕೆ ಎಂಬರ್ಥದ ಪದವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟಿದ್ದರು. ಹಾಗೆ ‘ತೋರುತ್ತದೆ’ ಎಂಬುದಷ್ಟೇ ಅವರ ಅಭಿಪ್ರಾಯವಾಗಿತ್ತು. ಅವರ ನಂತರ ಬಂದವರು ಆ ಚಿಹ್ನೆಗಳನ್ನು ಕೈಬಿಟ್ಟು ಪಾರಿವಾಳದ ಪಂಜರವನ್ನು ಮನುಷ್ಯರ ಊರಿಗೆ ತಂದಿಟ್ಟರು.

ಪ್ರಯೋಗದ ವಿವರಣೆಯೂ ಪ್ರಶ್ನಾತೀತವಾಗಿ ಉಳಿಯಲಿಲ್ಲ. ಜಾನ್ ಸ್ಟ್ಯಾಡನ್ ಮತ್ತು ವರ್ಜೀನಿಯಾ ಸಿಮೆಲ್‌ಹ್ಯಾಗ್ 1971ರಲ್ಲಿ ಇದೇ ಬಗೆಯ ಪ್ರಯೋಗವನ್ನು ಇನ್ನಷ್ಟು ಸೂಕ್ಷ್ಮವಾಗಿ ನಡೆಸಿ, ಆಹಾರದ ವೇಳೆ ಹತ್ತಿರವಾದಂತೆ ಪಾರಿವಾಳಗಳು ಬಹುಮಟ್ಟಿಗೆ ಒಂದೇ ಬಗೆಯಲ್ಲಿ ಕುಕ್ಕತೊಡಗುತ್ತವೆ ಎಂಬುದನ್ನು ಕಂಡುಕೊಂಡರು. ಅಂದರೆ ಅಲ್ಲಿ ಕಂಡದ್ದು ಆಕಸ್ಮಿಕದ ಫಲವಲ್ಲ. ಆಹಾರವನ್ನು ನಿರೀಕ್ಷಿಸುವ ಆ ಜಾತಿಯ ಪಕ್ಷಿಯ ಸಹಜ ವರ್ತನೆ. ಸ್ಕಿನ್ನರ್ ಅವರ ಶಿಷ್ಯರೇ ಆಗಿದ್ದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿಗಳು 1961ರಲ್ಲಿ, ಬಹುಮಾನ ಕೊಟ್ಟು ಕಲಿಸಿದ ವರ್ತನೆಯನ್ನು ಪ್ರಾಣಿಗಳು ಕಾಲಕ್ರಮದಲ್ಲಿ ಬಿಟ್ಟು ತಮ್ಮ ಹುಟ್ಟುಗುಣಕ್ಕೆ ಮರಳುವುದನ್ನು ವರದಿ ಮಾಡಿದ್ದರು. ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿತ ಹಂದಿ, ಹಾಗೆ ಹಾಕಿದರೆ ಮಾತ್ರ ಆಹಾರ ಸಿಗುವುದೆಂದಿದ್ದರೂ, ನಾಣ್ಯವನ್ನು ನೆಲದಲ್ಲಿ ಮೂತಿಯಿಂದ ತಿವಿಯುತ್ತ ಉಳಿಯಿತು. ಪುನರ್ಬಲನವು ಖಾಲಿ ಹಲಗೆಯ ಮೇಲೆ ಬರೆಯುವುದಿಲ್ಲ. ಬರುವ ಮುನ್ನವೇ ಅಲ್ಲಿ ಬರಹವಿರುತ್ತದೆ.

ಮನುಷ್ಯರ ಮೇಲೆ ನಡೆದ ಪ್ರಯೋಗಗಳೂ ಎಚ್ಚರದ ಮಾತನ್ನೇ ಹೇಳುತ್ತವೆ. ಜಪಾನಿನ ಕೋಯಿಚಿ ಓನೋ 1987ರಲ್ಲಿ 20 ವಿದ್ಯಾರ್ಥಿಗಳನ್ನು ಮೂರು ಸನ್ನೆಕೋಲುಗಳಿದ್ದ ಮೇಜಿನ ಮುಂದೆ ಕೂರಿಸಿ, ಅವರು ಏನು ಮಾಡಿದರೂ ಅಂಕಗಳು ಏರುವಂತೆ ಏರ್ಪಡಿಸಿದ್ದರು. ವಿದ್ಯಾರ್ಥಿನಿಯೊಬ್ಬಳು ಕೊನೆಗೆ ಎದ್ದು ಹಾರಿಹಾರಿ ಕೋಣೆಯ ಮಾಳಿಗೆಯನ್ನು ಮುಟ್ಟತೊಡಗಿದಳು. ಆದರೆ ಇಂಥ ವರ್ತನೆ ಗಟ್ಟಿಯಾಗಿ ನಿಂತದ್ದು ಕೆಲವರಲ್ಲಿ ಮಾತ್ರ. ಬಹುತೇಕರಲ್ಲಿ ಅದು ಬಂದು ಹೋಯಿತು. ಆಕಸ್ಮಿಕ ಫಲದಿಂದ ಹುಟ್ಟಿದ ಖಾಸಗಿ ಆಚರಣೆಯು ಮನುಷ್ಯರಲ್ಲಿ ಇಷ್ಟು ಅಲ್ಪಾಯುವಾದರೆ, ತಲೆಮಾರುಗಳಿಂದ ಉಳಿದು ಬಂದ ಆಚರಣೆಗೆ ಅದೊಂದೇ ಕಾರಣವೆಂದು ಹೇಗೆ ಹೇಳುವುದು?

4. ಅನಿಶ್ಚಿತತೆ ಮತ್ತು ಆಚರಣೆ

ಪುನರ್ಬಲನ ತತ್ತ್ವವು ಜಾನಪದದೊಂದಿಗೆ ಫಲಪ್ರದವಾಗಿ ಕೂಡಿದ ಸಂದರ್ಭವೂ ಇದೆ. ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1925ರ ತಮ್ಮ ಪ್ರಬಂಧದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರರನ್ನು ಕುರಿತು ಬರೆದರು. ದಡದೊಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅವರು ಯಾವ ಮಾಂತ್ರಿಕ ಕ್ರಿಯೆಯನ್ನೂ ಮಾಡುತ್ತಿರಲಿಲ್ಲ. ಅಪಾಯವೂ ಅನಿಶ್ಚಿತತೆಯೂ ತುಂಬಿದ ತೆರೆದ ಕಡಲಿಗೆ ಹೊರಟಾಗ ಮಾತ್ರ ವಿಸ್ತಾರವಾದ ಆಚರಣೆಗಳು ನಡೆಯುತ್ತಿದ್ದವು. ತಿಳಿವಳಿಕೆ ಸಾಕಾಗುವಲ್ಲಿ ಅವರು ತಿಳಿವಳಿಕೆಯನ್ನೇ ನೆಚ್ಚುತ್ತಿದ್ದರು. ಅದು ಮುಗಿದಲ್ಲಿ ಮಂತ್ರ ಆರಂಭವಾಗುತ್ತಿತ್ತು.

ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಗ್ಮೆಲ್ಚ್ ಈ ಮಾತನ್ನು ಬೇಸ್‌ಬಾಲ್ ಆಟಕ್ಕೆ ಅನ್ವಯಿಸಿ 1971ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ಸ್ವತಃ ವೃತ್ತಿಪರ ಆಟಗಾರನಾಗಿದ್ದ ಗ್ಮೆಲ್ಚ್, ಚೆಂಡು ಎಸೆಯುವವರಲ್ಲಿ ಮತ್ತು ದಾಂಡಿಗರಲ್ಲಿ ಆಚರಣೆ, ನಿಷೇಧ, ತಾಯಿತದಂಥ ವಸ್ತುಗಳು ಹೇರಳವಾಗಿದ್ದು, ಕ್ಷೇತ್ರರಕ್ಷಕರಲ್ಲಿ ವಿರಳವಾಗಿರುವುದನ್ನು ಗುರುತಿಸಿದರು. ದಾಂಡಿಗನು ಸರಾಸರಿ ನಾಲ್ಕು ಪ್ರಯತ್ನಗಳಲ್ಲಿ ಒಂದರಲ್ಲಿ ಸಫಲನಾಗುತ್ತಾನೆ; ಕ್ಷೇತ್ರರಕ್ಷಕನ ಸಾಫಲ್ಯ ನೂರಕ್ಕೆ 97ಕ್ಕೂ ಮಿಗಿಲು. ಅನಿಶ್ಚಿತತೆ ಎಲ್ಲಿದೆಯೋ ಅಲ್ಲಿ ಆಚರಣೆಯಿದೆ. ಚೆನ್ನಾಗಿ ಆಡಿದ ದಿನ ತಾನು ತೊಟ್ಟ ಬಟ್ಟೆ, ಉಂಡ ಊಟ, ನಡೆದ ದಾರಿಗಳನ್ನೇ ಆಟಗಾರ ಮರುದಿನವೂ ಅನುಸರಿಸುವುದನ್ನು ಸ್ಕಿನ್ನರ್ ಪ್ರಯೋಗದ ಬೆಳಕಿನಲ್ಲಿ ಅವರು ವಿವರಿಸಿದರು.

ಕಾಪಾಡುವ ಆಚರಣೆಗಳಿಗೆ ಋಣಾತ್ಮಕ ಪುನರ್ಬಲನವು ಇನ್ನಷ್ಟು ಹತ್ತಿರದ ವಿವರಣೆ ನೀಡುತ್ತದೆ. ರಿಚರ್ಡ್ ಸಾಲೊಮನ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸೂಚನೆ ದೊರೆತೊಡನೆ ತಡೆಯನ್ನು ಹಾರಿ ವಿದ್ಯುದಾಘಾತದಿಂದ ತಪ್ಪಿಸಿಕೊಳ್ಳಲು ಕಲಿತ ನಾಯಿಗಳು, ಆಘಾತವನ್ನು ಸಂಪೂರ್ಣ ನಿಲ್ಲಿಸಿದ ಮೇಲೂ ನೂರಾರು ಸಲ ಹಾರುತ್ತಲೇ ಇದ್ದವು. ಹಾರಿದಾಗಲೆಲ್ಲ ಆಘಾತ ತಗಲಲಿಲ್ಲ. ಹಾರದಿದ್ದರೆ ಏನಾಗುತ್ತದೆಂದು ತಿಳಿಯುವ ಅವಕಾಶವೇ ಅವುಗಳಿಗೆ ಒದಗಲಿಲ್ಲ. ಸಂಜೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಮಗುವಿನ ದೃಷ್ಟಿ ತೆಗೆಯುವ ತಾಯಿಯ ವಿಷಯದಲ್ಲೂ ಮಗು ನೆಮ್ಮದಿಯಿಂದ ಮಲಗಿದ ಪ್ರತಿ ರಾತ್ರಿಯೂ ಆಚರಣೆಗೆ ಸಾಕ್ಷಿಯಾಗಿ ಒದಗುತ್ತದೆ. ಸಾಕ್ಷಿ ದಿನವೂ ಸಿಗುವ ಆಚರಣೆ ಅಳಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

5. ಅನುಭವಕ್ಕೆ ಮುನ್ನ ಬರುವ ಮಾತು

ಆದರೆ ಇದೇ ಉದಾಹರಣೆಯಲ್ಲಿ ಸಿದ್ಧಾಂತದ ಮಿತಿಯೂ ಕಾಣುತ್ತದೆ. ಆ ತಾಯಿ ನಿವಾಳಿಸುವುದನ್ನು ತನ್ನ ಅನುಭವದಿಂದ ಕಂಡುಹಿಡಿದವಳಲ್ಲ. ತನ್ನ ತಾಯಿ, ಅತ್ತೆ ಮಾಡುವುದನ್ನು ನೋಡಿದ್ದಾಳೆ, ಕೇಳಿದ್ದಾಳೆ. ಮೊದಲ ಸಲ ನಿವಾಳಿಸಿದಾಗ ಅವಳ ಪಾಲಿಗೆ ಪುನರ್ಬಲನದ ಇತಿಹಾಸವೇ ಇರಲಿಲ್ಲ. ಪಾರಿವಾಳಕ್ಕೂ ಅವಳಿಗೂ ಇರುವ ಮೂಲಭೂತ ಅಂತರ ಇದು. ಜಾನಪದವೆಂದರೆ ಪರಂಪರೆಯಿಂದ ಬಂದದ್ದು. ಅದು ವ್ಯಕ್ತಿಯ ಅನುಭವಕ್ಕಿಂತ ಮುಂಚೆ ಬಂದು ಆ ಅನುಭವವನ್ನು ಕಾಯುತ್ತಿರುತ್ತದೆ.

ಸ್ಕಿನ್ನರ್ ಈ ಅಂತರವನ್ನು ಅರಿಯದವರಲ್ಲ. 1966ರ ಬರಹವೊಂದರಲ್ಲಿ ಅವರು ಪರಿಣಾಮಗಳಿಂದ ನೇರವಾಗಿ ರೂಪುಗೊಂಡ ವರ್ತನೆ ಮತ್ತು ನಿಯಮವನ್ನು ಅನುಸರಿಸಿ ನಡೆಯುವ ವರ್ತನೆ ಎಂಬ ಎರಡು ಬಗೆಗಳನ್ನು ಬೇರ್ಪಡಿಸಿದರು. ಅಲ್ಲಿ ಅವರು ಬಳಸಿದ ದೃಷ್ಟಾಂತ ಜಾನಪದದ್ದೇ ಆಗಿರುವುದು ಕುತೂಹಲಕರ. ಕಮ್ಮಾರನು ತಿದಿಯೊತ್ತುವ ಹದವನ್ನು ತನ್ನ ಶಿಷ್ಯನಿಗೆ ಒಂದು ಪುಟ್ಟ ಪದ್ಯದ ಮೂಲಕ ಕಲಿಸುತ್ತಾನೆ. ಕುಲುಮೆಯ ಮುಂದೆ ವರ್ಷಗಟ್ಟಲೆ ದುಡಿದು ಕಮ್ಮಾರ ಗಳಿಸಿದ ಹದವನ್ನು ಶಿಷ್ಯ ಆ ಪದ್ಯದಿಂದ ಒಂದೇ ದಿನದಲ್ಲಿ ಪಡೆಯುತ್ತಾನೆ. ಗಾದೆ, ಒಡಂಬಡಿಕೆ, ಎಚ್ಚರಿಕೆಯ ಮಾತುಗಳೆಲ್ಲ ಈ ದೃಷ್ಟಿಯಿಂದ ಹಿಂದಿನವರ ಪುನರ್ಬಲನದ ಸಂಗ್ರಹಗಳು. ನಮ್ಮಲ್ಲಿ ಮಳೆ ನಕ್ಷತ್ರಗಳನ್ನು ಕುರಿತ ಗಾದೆಗಳು ಈ ಕೆಲಸವನ್ನು ಮಾಡುತ್ತ ಬಂದಿವೆ. ಯಾವ ಮಳೆಗೆ ಯಾವ ಬೀಜವೆಂಬುದನ್ನು ತಿಳಿಯಲು ಪ್ರತಿಯೊಬ್ಬ ರೈತನೂ ಒಂದೊಂದು ಬೆಳೆಯನ್ನು ಕಳೆದುಕೊಳ್ಳಬೇಕಾಗಿಲ್ಲ.

ಇದರ ಇನ್ನೊಂದು ಮುಖವೂ ಉಂಟು. ನಿಯಮವನ್ನು ಅನುಸರಿಸಿ ನಡೆಯುವವನು ಫಲಿತಾಂಶದ ಬಗ್ಗೆ ಅಷ್ಟಾಗಿ ಸಂವೇದನಾಶೀಲನಾಗಿರುವುದಿಲ್ಲ. ಸ್ಟೀಫನ್ ಹಿಗ್ಗಿನ್ಸ್ ಮತ್ತು ಸಂಗಡಿಗರು 1989ರಲ್ಲಿ ಶಾಲೆ ಸೇರುವ ಮುಂಚಿನ ವಯಸ್ಸಿನ ಮಕ್ಕಳ ನಡುವೆ ಇಂಥ ವರ್ತನೆಯ ಸಾಮಾಜಿಕ ಪ್ರಸರಣವನ್ನೇ ಪ್ರಯೋಗಕ್ಕೆ ಒಳಪಡಿಸಿದರು. ವಿದೂಷಕನ ಗೊಂಬೆಯಿಂದ ಗೋಲಿಗಳು ತಾವಾಗಿಯೇ ಉದುರುತ್ತಿದ್ದರೂ, ಗೊಂಬೆಯ ಮೂಗನ್ನು ಒತ್ತಬೇಕೆಂದು ತಿಳಿದುಕೊಂಡ ಮಕ್ಕಳು ಒತ್ತುತ್ತಲೇ ಇದ್ದರು. ಇತರರು ಪಡೆದ ಫಲವನ್ನು ನೋಡಿಯೇ ಮನುಷ್ಯ ಕಲಿಯಬಲ್ಲನೆಂಬುದನ್ನು ಆಲ್ಬರ್ಟ್ ಬಂಡೂರ 1960ರ ದಶಕದ ತಮ್ಮ ಪ್ರಯೋಗಗಳಲ್ಲಿ ಆಗಲೇ ಸ್ಥಾಪಿಸಿದ್ದರು. ಭಾಷೆಯನ್ನೂ ಪುನರ್ಬಲನದಿಂದಲೇ ವಿವರಿಸಲು ಸ್ಕಿನ್ನರ್ 1957ರಲ್ಲಿ ಬರೆದ ಗ್ರಂಥವನ್ನು ನೋಮ್ ಚಾಮ್‌ಸ್ಕಿ 1959ರ ವಿಮರ್ಶೆಯಲ್ಲಿ ಕಟುವಾಗಿ ಖಂಡಿಸಿದರು. ಪ್ರಯೋಗಶಾಲೆಯಲ್ಲಿ ಖಚಿತ ಅರ್ಥವಿದ್ದ ಪುನರ್ಬಲನ ಎಂಬ ಪದವು ಮನುಷ್ಯನ ಮಾತಿಗೆ ಅನ್ವಯಿಸಿದಾಗ ಅರ್ಥ ಕಳೆದುಕೊಂಡು, ಇಷ್ಟ ಎಂಬ ಸಾಮಾನ್ಯ ಪದದ ಬದಲಿಯಾಗುತ್ತದೆ ಎಂಬುದು ಅವರ ಆಕ್ಷೇಪದ ಸಾರ. ಜಾನಪದ ವಿದ್ವಾಂಸರಿಗೂ ಈ ಆಕ್ಷೇಪ ಸಲ್ಲುತ್ತದೆ.

6. ಅಭಿಪ್ರೇರಣೆಯ ಪ್ರಶ್ನೆ

ಮನುಷ್ಯ ಒಂದು ಕೆಲಸವನ್ನು ಏಕೆ ಮಾಡುತ್ತಾನೆ? ಬಹುಮಾನಕ್ಕಾಗಿ ಎಂಬುದು ವರ್ತನಾವಾದದ ಜನಪ್ರಿಯ ರೂಪ. ಎಡ್ವರ್ಡ್ ಡೆಸಿ 1971ರಲ್ಲಿ, ಒಗಟಿನ ಆಟವನ್ನು ಇಷ್ಟಪಟ್ಟು ಆಡುತ್ತಿದ್ದ ವಿದ್ಯಾರ್ಥಿಗಳಿಗೆ ಹಣ ಕೊಟ್ಟು ನೋಡಿದಾಗ, ಹಣ ನಿಂತ ಮೇಲೆ ಅವರ ಆಸಕ್ತಿ ಕುಗ್ಗುವ ಲಕ್ಷಣ ಕಂಡಿತು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಶಿಶುವಿಹಾರದ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿತ್ತು. ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿ ಕೊಟ್ಟ ಮಕ್ಕಳು, ಮುಂದೆ ಬಿಡುವಿನ ವೇಳೆಯಲ್ಲಿ ಇತರ ಮಕ್ಕಳಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಅನಿರೀಕ್ಷಿತವಾಗಿ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ ಹೀಗಾಗಲಿಲ್ಲ. ಈ ತೀರ್ಮಾನವನ್ನು ಜೂಡಿ ಕ್ಯಾಮೆರಾನ್ ಮತ್ತು ಡೇವಿಡ್ ಪಿಯರ್ಸ್ 1994ರಲ್ಲಿ ಪ್ರಶ್ನಿಸಿದರು. ಡೆಸಿ ಮತ್ತು ಸಂಗಡಿಗರು 1999ರಲ್ಲಿ 128 ಅಧ್ಯಯನಗಳನ್ನು ಒಟ್ಟುಗೂಡಿಸಿ, ನಿರೀಕ್ಷಿತ ವಸ್ತುರೂಪದ ಬಹುಮಾನವು ಆಂತರಿಕ ಅಭಿಪ್ರೇರಣೆಯನ್ನು ಕುಗ್ಗಿಸುತ್ತದೆ, ಮೆಚ್ಚುಗೆಯ ಮಾತು ಕುಗ್ಗಿಸುವುದಿಲ್ಲ ಎಂದು ಉತ್ತರಿಸಿದರು.

ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಹೆಣ್ಣುಮಗಳಿಗೆ ಸಂಭಾವನೆಯಾಗಲಿ ಶ್ರೋತೃಗಳಾಗಲಿ ಇರಲಿಲ್ಲ. ಬೀಸುವ ದಣಿವು ಹಗುರಾಗುವುದು, ಜೊತೆಯವಳ ದನಿ ಕೂಡುವುದು, ಹೇಳಿಕೊಳ್ಳಲಾಗದ್ದನ್ನು ಹಾಡಾಗಿ ಹೇಳುವುದು ಇವೇ ಅಲ್ಲಿನ ಪುನರ್ಬಲಕಗಳು. ಹಿಟ್ಟಿನ ಗಿರಣಿ ಬಂದಾಗ ಕಲ್ಲಿನೊಂದಿಗೆ ಹಾಡಿನ ಸಂದರ್ಭವೂ ಕಳಚಿಕೊಂಡಿತು. ಇಂದು ಆ ಹಾಡು ವೇದಿಕೆಯ ಮೇಲೆ ಸಂಭಾವನೆಯೊಂದಿಗೆ ಉಳಿದಿರುವುದು ನಿಜ. ಕಲಾವಿದರಿಗೆ ನ್ಯಾಯವಾದ ಸಂಭಾವನೆ ಸಲ್ಲಲೇಬೇಕು. ಆದರೆ ಸಂಭಾವನೆಯೊಂದರಿಂದಲೇ ಪರಂಪರೆ ಉಳಿಯುವುದೆಂದು ನಂಬಿದರೆ, ಹಾಡನ್ನು ಹಿಂದೆ ಹಿಡಿದಿಟ್ಟಿದ್ದುದು ಏನೆಂಬ ಪ್ರಶ್ನೆಯನ್ನೇ ನಾವು ಕೇಳದೆ ಹೋದಂತಾಗುತ್ತದೆ.

7. ಮಳೆಯ ಆಚರಣೆ: ಪುನರ್ಬಲಕ ಯಾವುದು?

ಈಗ ಲೇಖನದ ಆರಂಭದಲ್ಲಿ ಉಲ್ಲೇಖಿಸಿದ ಮಳೆಯ ಆಚರಣೆಗೆ ಮರಳಬಹುದು. ಉತ್ತರ ಕರ್ನಾಟಕದ ಗುರ್ಜಿ ನಮ್ಮ ವಾಚಕರಿಗೆ ಪರಿಚಿತವಾದುದೇ. ರೊಟ್ಟಿ ಸುಡುವ ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನಿಟ್ಟು, ಗರಿಕೆ ಸಿಕ್ಕಿಸಿ, ಅದನ್ನು ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಗೆ ಹೋಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ಕೂಡಿಬಂದ ಧಾನ್ಯದಿಂದ ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಊರಿನಿಂದ ಊರಿಗೆ ವಿವರಗಳು ಬದಲಾಗುತ್ತವೆ. ಹಳೆಯ ಮೈಸೂರು ಭಾಗದ ಮಳೆರಾಯನ ಆಚರಣೆಯೂ ಇದೇ ಕುಲಕ್ಕೆ ಸೇರಿದ್ದು.

ಎರಡು ದಶಕಗಳ ಹಿಂದೆ ನನ್ನ ಕ್ಷೇತ್ರಕಾರ್ಯದ ಅವಧಿಯಲ್ಲಿ ಇಂಥ ಆಚರಣೆಯೊಂದನ್ನು ದಾಖಲಿಸುತ್ತಿದ್ದಾಗ, ಗುರ್ಜಿಗೆ ಕೊಡದಿಂದ ನೀರೆರೆದ ವೃದ್ಧೆಯೊಬ್ಬರನ್ನು ‘ಅವ್ವಾ, ಹಿಂಗ ಮಾಡಿದ್ರ ಮಳಿ ಬರ್ತದೇನು?’ ಎಂದು ಕೇಳಿದೆ. ‘ಬರೂದು ಬಿಡೂದು ಮಳಿ ಕೈಯಾಗ ಐತಿ, ತಮ್ಮಾ. ಹುಡುಗೂರು ಬಾಗಿಲಿಗೆ ಬಂದು ನಿಂತಾಗ ನೀರು ಹಾಕದ ಹೆಂಗ ಒಳಗ ಕುಂದ್ರೂದು?’ ಎಂದರು ಆಕೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಹೊತ್ತಿಗಾಗಲೇ ‘ಮೂಢನಂಬಿಕೆ’ ಎಂಬ ಶೀರ್ಷಿಕೆಯ ಅಂಕಣವಿತ್ತು. ಆಕೆಯ ಮಾತನ್ನು ಬರೆದುಕೊಂಡೆ, ಶೀರ್ಷಿಕೆಯನ್ನು ತಿದ್ದಲಿಲ್ಲ. ಪ್ರಬಂಧಕ್ಕೂ ಅದು ಹಾಗೆಯೇ ಹೋಯಿತು.

ಪುನರ್ಬಲನ ತತ್ತ್ವದ ಸರಳ ಅನ್ವಯ ಇಲ್ಲಿ ಹೀಗಿದೆ. ಗುರ್ಜಿಯನ್ನು ಹೊರುವುದು ಮಳೆಗಾಲದಲ್ಲಿ ಮಳೆ ತಡವಾದಾಗ. ಚಳಿಗಾಲದಲ್ಲಿ ಯಾರೂ ಹೊರುವುದಿಲ್ಲ. ಆದುದರಿಂದ ಕೆಲವು ದಿನಗಳಲ್ಲಿ ಮಳೆ ಬರುವ ಸಂಭವ ಸಹಜವಾಗಿಯೇ ಹೆಚ್ಚು. ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಬರುವುದಿಲ್ಲ. ಎಂದೋ ಒಮ್ಮೆ ದೊರೆಯುವ ಫಲವೇ ಹೆಚ್ಚು ಬಾಳುವುದರಿಂದ ಆಚರಣೆ ಉಳಿದಿದೆ. ಈ ವಿವರಣೆಯಲ್ಲಿ ಸತ್ಯಾಂಶವಿದೆ. ಆದರೆ ಇದು ಮಳೆಯನ್ನೇ ಪುನರ್ಬಲಕವೆಂದು ಮುಂಚಿತವಾಗಿ ತೀರ್ಮಾನಿಸಿಬಿಡುತ್ತದೆ. ಹಾಗೆ ತೀರ್ಮಾನಿಸಲು ಸ್ಕಿನ್ನರ್ ಅವರ ವ್ಯಾಖ್ಯೆಯೇ ಅವಕಾಶ ಕೊಡುವುದಿಲ್ಲವೆಂಬುದನ್ನು ಮೇಲೆ ನೋಡಿದ್ದೇವೆ. ಕ್ರಿಯೆಯ ಬೆನ್ನಿಗೆ ನಿಜವಾಗಿ ಏನು ಬರುತ್ತದೆ ಎಂದು ವರ್ತನಾವಾದಿಯ ಶಿಸ್ತಿನಿಂದಲೇ ನೋಡಿದರೆ ಚಿತ್ರ ಬದಲಾಗುತ್ತದೆ. ಗುರ್ಜಿ ಹೊತ್ತ ಹುಡುಗನ ತಲೆಯ ಮೇಲೆ ಅದೇ ಗಳಿಗೆಯಲ್ಲಿ ನೀರು ಬೀಳುತ್ತದೆ; ಜೊತೆಯ ಹುಡುಗರ ಕೇಕೆ ಕೇಳುತ್ತದೆ; ಸಂಜೆಗೆ ಊಟ ದೊರೆಯುತ್ತದೆ. ಬರದ ಭಯದಲ್ಲಿ ತನ್ನ ಕಣಜವನ್ನೇ ನೋಡುತ್ತ ಕೂತ ಮನೆಯಿಂದ ಒಂದು ಬೊಗಸೆ ಜೋಳ ಹೊರಬಂದು, ಊರಿನ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಇವು ಮಳೆಯಂತೆ ಅನಿಶ್ಚಿತವಲ್ಲ. ಪ್ರತಿ ಸಲವೂ ತಪ್ಪದೆ ಒದಗುತ್ತವೆ.

ರಾಬರ್ಟ್ ಮರ್ಟನ್ 1949ರಲ್ಲಿ ಹೋಪಿ ಜನರ ಮಳೆಯ ಆಚರಣೆಯನ್ನೇ ಉದಾಹರಣೆಯಾಗಿಟ್ಟುಕೊಂಡು, ಹೇಳಿಕೊಂಡ ಉದ್ದೇಶ ಈಡೇರದಿದ್ದರೂ ಚದುರಿದ ಜನರನ್ನು ಒಂದೆಡೆ ಕೂಡಿಸುವ ಕಾರ್ಯವನ್ನು ಅದು ನೆರವೇರಿಸುತ್ತದೆ ಎಂದು ಸುಪ್ತಕಾರ್ಯದ ಪರಿಕಲ್ಪನೆಯನ್ನು ವಿವರಿಸಿದ್ದರು. ಮರ್ಟನ್ ಸಮಾಜದ ಕಡೆಯಿಂದ ಕಂಡುದನ್ನು, ಎಚ್ಚರದಿಂದ ಅನ್ವಯಿಸಿದ ಪುನರ್ಬಲನ ತತ್ತ್ವವು ವ್ಯಕ್ತಿಯ ಕಡೆಯಿಂದ ಕಾಣಿಸುತ್ತದೆ. ಆ ವೃದ್ಧೆ ಹೇಳಿದ್ದೂ ಅದನ್ನೇ. ಆಕೆ ನೀರೆರೆದದ್ದು ಮೋಡಕ್ಕೆ ಉತ್ತರವಾಗಿ ಅಲ್ಲ, ಬಾಗಿಲಿಗೆ ಬಂದ ಮಕ್ಕಳಿಗೆ ಉತ್ತರವಾಗಿ. ಪಾರಿವಾಳವು ಪಂಜರದಲ್ಲಿ ಒಂಟಿಯಾಗಿತ್ತು, ಆಕೆ ಒಂಟಿಯಾಗಿರಲಿಲ್ಲ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಆಚರಣೆಯೊಂದು ಏಕೆ ಅಳಿಯದೆ ಉಳಿಯುತ್ತದೆ ಎಂಬುದನ್ನು ವಿವರಿಸುವಲ್ಲಿ ಪುನರ್ಬಲನ ತತ್ತ್ವಕ್ಕೆ ಬಲವಿದೆ. ಅದು ಹೇಗೆ ಹುಟ್ಟಿತು ಎಂಬುದನ್ನು ಹೇಳುವಲ್ಲಿ ಅದು ದುರ್ಬಲ. ಎರಡನೆಯದಾಗಿ, ಜನಪದ ಆಚರಣೆಗಳು ಮಾತಿನ ಮೂಲಕ, ಅನುಕರಣೆಯ ಮೂಲಕ ವ್ಯಕ್ತಿಯ ಅನುಭವಕ್ಕೆ ಮುನ್ನವೇ ಬರುವುದರಿಂದ, ಆಕಸ್ಮಿಕ ಫಲದ ವಿವರಣೆಯೊಂದೇ ಅವುಗಳಿಗೆ ಸಾಲದು. ಮೂರನೆಯದಾಗಿ, ಹೇಳಿಕೊಂಡ ಉದ್ದೇಶವೇ ಪುನರ್ಬಲಕವೆಂದು ಭಾವಿಸುವುದು ಸಿದ್ಧಾಂತದ ಅನ್ವಯವಲ್ಲ, ಸಿದ್ಧಾಂತದ ಉಲ್ಲಂಘನೆ. ಆಚರಣೆಯ ಬೆನ್ನಿಗೆ ಯಾರಿಗೆ, ಯಾವಾಗ, ಏನು ಒದಗುತ್ತದೆ ಎಂಬುದನ್ನು ಕ್ಷೇತ್ರದಲ್ಲಿ ನಿಂತು ನೋಡಿ ಬರೆಯುವುದು ಮೊದಲಾಗಬೇಕು.

ಎಲ್ಲ ಆಚರಣೆಗಳೂ ಇದರಿಂದ ಸಮರ್ಥಿಸಲ್ಪಡುತ್ತವೆ ಎಂದು ಇದರರ್ಥವಲ್ಲ. ಮನುಷ್ಯರನ್ನು ಹಿಂಸಿಸುವ, ಅವಮಾನಿಸುವ ಪದ್ಧತಿಗಳೂ ಪುನರ್ಬಲನದಿಂದಲೇ ಉಳಿದಿರುತ್ತವೆ. ಅಲ್ಲಿ ಫಲ ಯಾರಿಗೆ ಸಲ್ಲುತ್ತದೆ, ನೋವು ಯಾರಿಗೆ ಉಳಿಯುತ್ತದೆ ಎಂದು ಕೇಳಿದರೆ ಅವುಗಳ ಬೇರು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ‘ಮೂಢನಂಬಿಕೆ’ ಎಂಬ ಒಂದೇ ಅಂಕಣದಲ್ಲಿ ಬೆತ್ತಲೆ ಸೇವೆಯನ್ನೂ ಗುರ್ಜಿಯನ್ನೂ ಒಟ್ಟಿಗೆ ಬರೆದಿಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಕ್ಷೇತ್ರಕ್ಕೆ ಹೊರಡುವ ಇಂದಿನ ಯುವ ಸಂಶೋಧಕರು ಅಂಕಣಗಳ ಶೀರ್ಷಿಕೆಗಳನ್ನು ಬರೆಯುವ ಕೆಲಸವನ್ನು, ಕೇಳಬೇಕಾದ ಮಾತನ್ನೆಲ್ಲ ಕೇಳಿ ಮುಗಿಸಿದ ಮೇಲೆ ಇಟ್ಟುಕೊಳ್ಳುವುದು ಒಳಿತು.